ಕಾಫಿಗೆ ರೇಷನ್, ತಲೆ ತುಂಬ ಬಾಳೆಹಣ್ಣು

ಮೊದಲು ಕತ್ತಲು. ಆ ಕತ್ತಲಲ್ಲಿ ಒಂದು ಮುಖ ಹಾಡುತ್ತಿದೆ, ಅರ್ಧಕ್ಕೆ ಮಾತ್ರ ಬೆಳಕು. ಕ್ಯಾಮೆರಾ ಮೆಲ್ಲಗೆ ಸರಿದರೆ ಬಿದಿರಿನ ಗಳಗಳು, ಆಮೇಲೆ ಒಂದು ಹಡಗು. ಹೆಸರು ‘ಎಸ್.ಎಸ್. ಬ್ರೆಜಿಲ್’. ನ್ಯೂಯಾರ್ಕ್ ಬಂದರಿನಲ್ಲಿ ಸಕ್ಕರೆ ಮೂಟೆ, ಕಾಫಿ ಮೂಟೆ ಇಳಿಯುತ್ತಿವೆ. ಅವುಗಳ ಹಿಂದೆಯೇ, ಬಲೆಯಲ್ಲಿ ಕಟ್ಟಿದ ಹಣ್ಣು ತರಕಾರಿಯ ದೊಡ್ಡ ಗಂಟೊಂದು ಮೇಲಿಂದ ಇಳಿಯುತ್ತದೆ. ನೋಡುತ್ತಿದ್ದಂತೆ ಅದರ ಕೆಳಗೆ ಒಂದು ನಗುಮುಖ. ಗಂಟು ಹೋಗಿ ಹೆಂಗಸಿನ ಟೋಪಿ ಆಗಿರುತ್ತದೆ! ಕ್ಯಾಮೆರಾ ಇನ್ನಷ್ಟು ಹಿಂದೆ ಬಂದಾಗ ಗೊತ್ತಾಗುತ್ತದೆ, ಅಲ್ಲಿ ಬಂದರೂ ಇಲ್ಲ, ಹಡಗೂ ಇಲ್ಲ. ಅದು ನೈಟ್‌ಕ್ಲಬ್‌ನ ಸ್ಟೇಜು. ‘ಇದೇ ನೋಡಿ ನಮ್ಮ ಗುಡ್ ನೇಬರ್ ಪಾಲಿಸಿ’ ಎಂಬರ್ಥದ ಮಾತೊಂದನ್ನು ಒಂದು ಪಾತ್ರ ಆಡುತ್ತದೆ.

ಚಿತ್ರ ‘ದಿ ಗ್ಯಾಂಗ್ಸ್ ಆಲ್ ಹಿಯರ್’. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸ್ಟುಡಿಯೋ ಇದನ್ನು 1943ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿತು. ಟೋಪಿಯ ಕೆಳಗಿದ್ದವರು ಬ್ರೆಜಿಲ್‌ನ ಹಾಡುಗಾರ್ತಿ, ನಟಿ ಕಾರ್ಮೆನ್ ಮಿರಾಂಡಾ. ಮೊದಲ ಸಲ ನೋಡಿದಾಗ ನನಗೆ ಇದು ಸುಮ್ನೆ ತಮಾಷೆ ಅನ್ನಿಸಿತ್ತು. ಎರಡನೇ ಸಲ ನೋಡುವಾಗ ಆ ಮೂಟೆಗಳ ಮೇಲೆ ಕಣ್ಣು ಹೋಯಿತು. ಎಷ್ಟು ಸರಕಿದ್ದರೂ ಇವರಿಗೆ ಸಕ್ಕರೆ, ಕಾಫಿ, ಹಣ್ಣೇ ಯಾಕೆ ಬೇಕಿತ್ತು?

ಉತ್ತರ ಇದ್ದದ್ದು ಅಮೆರಿಕದ ಅಡುಗೆಮನೆಗಳಲ್ಲಿ. ಅಲ್ಲಿ 1942ರ ಮೇ ತಿಂಗಳಿಂದ ಸಕ್ಕರೆಗೆ ರೇಷನ್ ಇತ್ತು. ನವೆಂಬರ್ ಕೊನೆಗೆ ಕಾಫಿಯ ಸರದಿ. ತಲೆಗೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಪುಡಿ, ಅದೂ ಐದು ವಾರಕ್ಕೆ. ದಿನಕ್ಕೆ ನಾಲ್ಕು ಲೋಟ ಫಿಲ್ಟರ್ ಕಾಫಿ ಕುಡಿಯುವ ನಮ್ಮಂಥವರು ಇದನ್ನು ಓದಿದರೇ ತಲೆನೋವು ಬರುತ್ತದೆ. ಬ್ರೆಜಿಲ್‌ನಲ್ಲಿ ಕಾಫಿ ಬೇಕಾದಷ್ಟಿತ್ತು, ಸಾಗಿಸಲು ಹಡಗಿರಲಿಲ್ಲ. ಹಡಗುಗಳೆಲ್ಲ ಯುದ್ಧದ ಕೆಲಸಕ್ಕೆ ಹೋಗಿದ್ದವು. ಉಳಿದವಕ್ಕೆ ಅಟ್ಲಾಂಟಿಕ್‌ನಲ್ಲಿ ಜರ್ಮನಿಯ ಸಬ್‌ಮರೀನ್‌ಗಳ ಕಾಟ. ಬಾಳೆಹಣ್ಣಿನದೂ ಇದೇ ಕತೆ. ಅದನ್ನು ತರುತ್ತಿದ್ದ ಯುನೈಟೆಡ್ ಫ್ರೂಟ್ ಕಂಪನಿಯ ಬಿಳಿ ಹಡಗುಗಳು ಸರ್ಕಾರದ ಸೇವೆಗೆ ಹೋದವು. 1943ರ ಜುಲೈನಲ್ಲಿ ಕಾಫಿ ರೇಷನ್ ತೆಗೆದರು. ಆದರೂ ಡಿಸೆಂಬರ್‌ನಲ್ಲಿ ಟಿಕೆಟ್ ಕೊಂಡು ಒಳಗೆ ಕೂತವರಿಗೆ ಆ ಮೂಟೆಗಳ ಬೆಲೆ ಚೆನ್ನಾಗಿಯೇ ಗೊತ್ತಿತ್ತು.

ಗುಡ್ ನೇಬರ್ ಪಾಲಿಸಿಯ ಮಾತು ಶುರುವಾದದ್ದು ಹತ್ತು ವರ್ಷ ಮೊದಲು. 1933ರಲ್ಲಿ ಅಧಿಕಾರಕ್ಕೆ ಬಂದ ಫ್ರಾಂಕ್ಲಿನ್ ರೂಸ್‌ವೆಲ್ಟ್, ಇನ್ನು ಅಮೆರಿಕ ಒಳ್ಳೆಯ ನೆರೆಮನೆಯವನ ಹಾಗೆ ನಡೆದುಕೊಳ್ಳುತ್ತದೆ ಎಂದರು. ಅಲ್ಲಿಯವರೆಗೆ ದಕ್ಷಿಣದ ದೇಶಗಳಿಗೆ ಸೈನ್ಯ ಕಳಿಸುವುದೇ ಅದರ ರೂಢಿ. ಹಾಲಿವುಡ್ ಏನೂ ಕಮ್ಮಿ ಇರಲಿಲ್ಲ. ಅದರ ಸಿನಿಮಾಗಳಲ್ಲಿ ಮೆಕ್ಸಿಕೋದವನು ಅಂದರೆ ಡಕಾಯಿತ. ಬೇಸತ್ತ ಮೆಕ್ಸಿಕೋ 1922ರಲ್ಲಿ ಅಂಥ ಚಿತ್ರ ತೆಗೆಯುವ ಕಂಪನಿಗಳಿಗೆ ನಿಷೇಧ ಹಾಕಿತ್ತು.

ಯುರೋಪಿನಲ್ಲಿ ಯುದ್ಧ ಶುರುವಾದ ಮೇಲೆ ಮಾತು ಗಟ್ಟಿಯಾಯಿತು. ಲ್ಯಾಟಿನ್ ಅಮೆರಿಕ ಜರ್ಮನಿಯ ಕಡೆ ವಾಲಿದರೆ ಕಷ್ಟ. 1940ರಲ್ಲಿ ಆ ದೇಶಗಳ ಜೊತೆ ಸಂಬಂಧ ನೋಡಿಕೊಳ್ಳಲು ಒಂದು ಕಚೇರಿಯೇ ತೆರೆಯಿತು, ಅದಕ್ಕೆ ನೆಲ್ಸನ್ ರಾಕ್‌ಫೆಲ್ಲರ್ ಮುಖ್ಯಸ್ಥ. ಅದರ ಸಿನಿಮಾ ವಿಭಾಗ ಜಾನ್ ಹೇ ವಿಟ್ನಿ ಕೈಯಲ್ಲಿತ್ತು. ಸ್ಟುಡಿಯೋಗಳೂ ಕುಣಿದಾಡಿಕೊಂಡೇ ಬಂದವು. ಅದು ಬರೀ ದೇಶಭಕ್ತಿ ಅಂತ ನನಗೆ ಅನ್ನಿಸುವುದಿಲ್ಲ. ಯುರೋಪಿನ ಮಾರುಕಟ್ಟೆ ಕೈತಪ್ಪಿತ್ತು, ಇನ್ನೆಲ್ಲಿಗೆ ಹೋಗಬೇಕು?

ಹೀಗೆ ನೆರೆಮನೆಯ ಮುಖವೊಂದು ಬೇಕಾಗಿತ್ತು. ಮುಖ ಆಗಲೇ ನ್ಯೂಯಾರ್ಕಿನಲ್ಲಿತ್ತು.

ಕಾರ್ಮೆನ್ ಹುಟ್ಟಿದ್ದು 1909ರಲ್ಲಿ ಪೋರ್ಚುಗಲ್‌ನಲ್ಲಿ, ಬೆಳೆದದ್ದು ರಿಯೋದಲ್ಲಿ. ಹುಡುಗಿಯಾಗಿದ್ದಾಗ ಟೋಪಿ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಆ ಕೈಚಳಕ ಕೊನೆಯವರೆಗೂ ಬಿಡಲಿಲ್ಲ. ಮೂವತ್ತರ ದಶಕದಲ್ಲಿ ಬ್ರೆಜಿಲ್‌ನ ರೇಡಿಯೋ, ಗ್ರಾಮಫೋನ್ ರೆಕಾರ್ಡುಗಳಲ್ಲಿ ಅವರದೇ ದರ್ಬಾರು. ಆದರೆ ಜಗತ್ತು ನೆನಪಿಟ್ಟುಕೊಂಡ ವೇಷ ಬಂದದ್ದು 1939ರ ಒಂದು ಬ್ರೆಜಿಲಿಯನ್ ಚಿತ್ರದಲ್ಲಿ. ಆ ವೇಷ ಅವರ ಸ್ವಂತದ್ದಲ್ಲ. ಬಾಹಿಯಾ ಎಂಬ ಪ್ರಾಂತ್ಯದ ಬೀದಿಗಳಲ್ಲಿ ತಲೆ ಮೇಲೆ ಬುಟ್ಟಿ ಹೊತ್ತು ತಿಂಡಿ, ಹಣ್ಣು ಮಾರುತ್ತಿದ್ದ ಕಪ್ಪು ಹೆಂಗಸರ ಉಡುಗೆ ಅದು. ರುಮಾಲು, ಮಣಿಸರ, ನೆರಿಗೆಯ ಲಂಗ. ಕಾರ್ಮೆನ್ ಅದಕ್ಕೆ ಮಿಂಚು ಹಚ್ಚಿದರು. ಬುಟ್ಟಿ ಚಿಕ್ಕದಾಗಿ ರುಮಾಲಿನ ಮೇಲೆ ಕೂತಿತು. ಆಳು ಕುಳ್ಳಗಿದ್ದದ್ದರಿಂದ ಕಾಲಿಗೆ ಎತ್ತರದ ಅಟ್ಟೆಯ ಚಪ್ಪಲಿ. ಅದೇ ವರ್ಷ ನ್ಯೂಯಾರ್ಕಿನ ನಾಟಕರಂಗ ಬ್ರಾಡ್‌ವೇ ಅವರನ್ನು ಕರೆಸಿಕೊಂಡಿತು.

ಫಾಕ್ಸ್ ಅವರನ್ನು 1940ರಲ್ಲಿ ‘ಡೌನ್ ಅರ್ಜೆಂಟೈನ್ ವೇ’ ಚಿತ್ರಕ್ಕೆ ಹಾಕಿಕೊಂಡಿತು. ಇಲ್ಲಿ ಸ್ವಲ್ಪ ನಗಬೇಕು. ಕತೆ ಅರ್ಜೆಂಟೀನಾದ್ದು, ಅಲ್ಲಿನ ಭಾಷೆ ಸ್ಪ್ಯಾನಿಷ್. ಕಾರ್ಮೆನ್ ಹಾಡಿದ್ದು ಪೋರ್ಚುಗೀಸ್‌ನಲ್ಲಿ, ಬ್ರೆಜಿಲ್‌ನ ವೇಷದಲ್ಲಿ. ಸ್ನೇಹಕ್ಕಾಗಿ ತೆಗೆದ ಚಿತ್ರ ನೋಡಿ ಅರ್ಜೆಂಟೀನಾದವರು ಕೆರಳಿದರು. ಕೆರಳದೆ ಇನ್ನೇನು ಮಾಡುತ್ತಾರೆ, ಅಲ್ವಾ? ಆಮೇಲೆ ಹಾಲಿವುಡ್‌ನ ಸೆನ್ಸಾರ್ ಕಚೇರಿ, ಲ್ಯಾಟಿನ್ ಅಮೆರಿಕ ಬಲ್ಲವರೊಬ್ಬರನ್ನು ನೇಮಿಸಿಕೊಂಡಿತು.

ಆ ವರ್ಷವೇ ಕಾರ್ಮೆನ್ ಊರಿಗೆ ಮರಳಿದರು. ರಿಯೋದ ಉರ್ಕಾ ಕ್ಯಾಸಿನೋದಲ್ಲಿ ಕಾರ್ಯಕ್ರಮ. ಎದುರಿಗೆ ಸಾಲಾಗಿ ದೊಡ್ಡ ಮನುಷ್ಯರು. ಕಾರ್ಮೆನ್ ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿದರು. ಸಭೆ ತಣ್ಣಗಾಯಿತು. ‘ಇವಳು ಅಮೆರಿಕದವಳಾಗಿಬಿಟ್ಟಳು’ ಎಂಬ ಗೊಣಗಾಟ. ಬೀದಿ ಹೆಂಗಸಿನ ವೇಷವನ್ನೇ ನಮ್ಮ ದೇಶ ಅಂತ ಹೊರಗೆ ತೋರಿಸುತ್ತಾಳೆ ಎಂಬ ಮುಜುಗರವೂ ಆ ದೊಡ್ಡವರಲ್ಲಿತ್ತು. ಕಾರ್ಮೆನ್ ಸುಮ್ಮನಿರಲಿಲ್ಲ. ‘ನಾನು ಅಮೆರಿಕದವಳಾದೆನಂತೆ’ ಎಂಬರ್ಥದ ಹಾಡನ್ನೇ ರೆಕಾರ್ಡ್ ಮಾಡಿದರು. ಆಮೇಲೆ ಅಮೆರಿಕಕ್ಕೆ ಹೊರಟರು. ಹದಿನಾಲ್ಕು ವರ್ಷ ತಿರುಗಿ ಬರಲಿಲ್ಲ.

1942ರ ಆಗಸ್ಟ್‌ನಲ್ಲಿ ಬ್ರೆಜಿಲ್ ಕೂಡ ಯುದ್ಧಕ್ಕೆ ಇಳಿಯಿತು, ಅಮೆರಿಕದ ಕಡೆ. ಆ ಬೇಸಿಗೆಯಲ್ಲೇ ವಾಷಿಂಗ್ಟನ್‌ನ ಯುದ್ಧ ವಾರ್ತಾ ಇಲಾಖೆ ಸಿನಿಮಾದವರಿಗೆ ಕೈಪಿಡಿ ಹಂಚಿತ್ತು. ಅದರ ಮೊದಲ ಪ್ರಶ್ನೆ: ಈ ಚಿತ್ರ ಯುದ್ಧ ಗೆಲ್ಲಲು ನೆರವಾಗುತ್ತದೆಯೇ? ಕುಣಿತದ ಚಿತ್ರ ಏನಂತ ಉತ್ತರಿಸಬೇಕು? ‘ದಿ ಗ್ಯಾಂಗ್ಸ್ ಆಲ್ ಹಿಯರ್’ ಚಿತ್ರದ ಕತೆಯೇ ಆ ಉತ್ತರದ ಹಾಗಿದೆ. ರಜೆಯಲ್ಲಿ ಬಂದ ಸಾರ್ಜೆಂಟ್, ಸೈನಿಕರ ಕ್ಯಾಂಟೀನಿನಲ್ಲಿ ಅವರ ಜೊತೆ ಹೆಜ್ಜೆ ಹಾಕುವ ಹಾಡುಗಾರ್ತಿ, ಸುಳ್ಳು ಹೆಸರು, ಊರಲ್ಲಿ ಆಗಲೇ ಮದುವೆಗೆ ಗೊತ್ತಾದ ಇನ್ನೊಬ್ಬಳು ಹುಡುಗಿ, ಪದಕ ಹಾಕಿಕೊಂಡು ಮರಳುವ ಹೀರೋ, ಕೊನೆಗೆ ಯುದ್ಧದ ಖರ್ಚಿಗೆ ಜನರಿಂದ ಸಾಲ ಎತ್ತುವ ಸರ್ಕಾರಿ ಬಾಂಡ್ ಮಾರಲು ತೋಟದಲ್ಲಿ ದೊಡ್ಡ ಶೋ. ಇಷ್ಟೇ. ಕತೆಗಾಗಿ ಯಾರೂ ಇದನ್ನು ನೋಡುವುದಿಲ್ಲ.

ನೋಡುವುದು ಬಸ್ಬಿ ಬರ್ಕ್‌ಲಿಗಾಗಿ. ಎಂಜಿಎಂ ಸ್ಟುಡಿಯೋದಲ್ಲಿ ನಟಿ ಜೂಡಿ ಗಾರ್ಲೆಂಡ್ ಜೊತೆ ಜಟಾಪಟಿಯಾಗಿ ಒಂದು ಚಿತ್ರದಿಂದ ಹೊರಬಿದ್ದಿದ್ದ ನಿರ್ದೇಶಕ. ಫಾಕ್ಸ್ ಅವರನ್ನು ಎರವಲು ತಂದಿತು. ಬರ್ಕ್‌ಲಿ ಕವಾಯತು ಕಲಿತದ್ದು ಮೊದಲ ಮಹಾಯುದ್ಧದ ಸೈನ್ಯದಲ್ಲಿ. ಸೈನಿಕರನ್ನು ಸಾಲಾಗಿ ನಡೆಸಿದ ಅದೇ ಲೆಕ್ಕ, ಆಮೇಲೆ ಹುಡುಗಿಯರನ್ನು ಹೂವಿನಂತೆ, ಚಕ್ರದಂತೆ ಜೋಡಿಸುವುದಕ್ಕೆ ಬಂತು.

ಬಾಳೆಹಣ್ಣಿನ ಹಾಡು ನೋಡಿ. ಮರಗಳ ಮೇಲೆ ಪುಟ್ಟ ಕೋತಿಗಳು. ಚಿನ್ನದ ಬಣ್ಣ ಬಳಿದ ಎತ್ತುಗಳ ಗಾಡಿಯಲ್ಲಿ ಕಾರ್ಮೆನ್ ಬರುತ್ತಾರೆ. ಹುಡುಗಿಯರ ಕೈಯಲ್ಲಿ ಆಳಿಗಿಂತ ಎತ್ತರದ ಬಾಳೆಹಣ್ಣುಗಳು. ಅವು ಏಳುತ್ತವೆ, ಬಾಗುತ್ತವೆ, ಅಲೆಯಾಗುತ್ತವೆ. ಕ್ಯಾಮೆರಾ ಕ್ರೇನ್ ಮೇಲೆ ಕೂತು ಅವುಗಳ ನಡುವೆ ತೂರಿಹೋಗುತ್ತದೆ. ಕೊನೆಯ ದೃಶ್ಯದಲ್ಲಿ ಕಾರ್ಮೆನ್ ನಡುವೆ ನಿಂತಿದ್ದಾರೆ, ತಲೆಯಿಂದ ಹೊರಟ ಗೊನೆಗಳು ಮುಗಿಲಿನವರೆಗೂ ಹರಡಿವೆ. ಅದು ಹಿಂದಿನ ಪರದೆಗೆ ಬರೆದ ಚಿತ್ರ. ಕೈಬಿಟ್ಟು ಖರ್ಚು ಮಾಡಿದ ಹಾಗೆ ಕಂಡರೂ, ಆಗ ಒಂದು ಚಿತ್ರದ ಸೆಟ್‌ಗಳಿಗೆ 5,000 ಡಾಲರ್‌ಗಿಂತ ಜಾಸ್ತಿ ಹೊಸ ಸಾಮಾನು ಬಳಸುವಂತಿರಲಿಲ್ಲ. ಯುದ್ಧ ಉತ್ಪಾದನಾ ಮಂಡಳಿಯ ಕಟ್ಟುಪಾಡು ಅದು. ಸ್ಟುಡಿಯೋಗಳು ಹಳೇ ಸೆಟ್ ಬಿಚ್ಚಿ ಮರ, ಮೊಳೆ ಮತ್ತೆ ಬಳಸುತ್ತಿದ್ದವು. ಬಣ್ಣಕ್ಕೆ, ಬೆಳಕಿಗೆ, ಹುಡುಗಿಯರ ಸಾಲಿಗೆ ಆ ಮಿತಿ ಇರಲಿಲ್ಲ. ಬರ್ಕ್‌ಲಿ ಅದನ್ನೇ ಧಾರಾಳವಾಗಿ ಸುರಿದರು. ಹಾಗಿದ್ದೂ ಕಲಾ ನಿರ್ದೇಶನಕ್ಕೆ ಆಸ್ಕರ್ ನಾಮನಿರ್ದೇಶನ ಬಂತು.

ಚಿತ್ರದ ನಿಜವಾದ ನಾಯಕಿ ಆಲಿಸ್ ಫೇ ಎಂಬುದನ್ನು ಹೇಳಲೇ ಇಲ್ಲ ನೋಡಿ. ಟೋಪಿಯ ಮುಂದೆ ಯಾರೇ ನಿಂತರೂ ಹೀಗೇ ಆಗುತ್ತದೆ. ಪ್ರಿಯಕರ ಯುದ್ಧಕ್ಕೆ ಹೋದ ಮೇಲೆ ಇಸ್ತ್ರಿ ಹಾಕುತ್ತಾ ಆಕೆ ಹಾಡುವ ಹಾಡೊಂದಿದೆ. ಇಡೀ ಚಿತ್ರದಲ್ಲಿ ಗದ್ದಲವಿಲ್ಲದ ಕೆಲವೇ ನಿಮಿಷ, ಆದರೆ ಎದೆಗೆ ತಾಗುವಂಥದ್ದು.

ಯುದ್ಧ ಮುಗಿಯಿತು. ರಾಕ್‌ಫೆಲ್ಲರ್ ಮುಖ್ಯಸ್ಥರಾಗಿದ್ದ ಆ ಕಚೇರಿ 1946ರಲ್ಲಿ ಮುಚ್ಚಿತು. ಫಾಕ್ಸ್ ಅಷ್ಟರಲ್ಲಾಗಲೇ ಕಾರ್ಮೆನ್ ಅವರನ್ನು ಟೆಕ್ನಿಕಲರ್‌ನಿಂದ ಇಳಿಸಿ ಕಪ್ಪು-ಬಿಳುಪು ಚಿತ್ರಕ್ಕೆ ಹಾಕಿತ್ತು. ಬಣ್ಣವಿಲ್ಲದ ಹಣ್ಣಿನ ಟೋಪಿಗೆ ಏನು ಅರ್ಥ? ಆ ವರ್ಷವೇ ಸ್ಟುಡಿಯೋದ ನಂಟೂ ಮುಗಿಯಿತು. ತಪ್ಪು ಇಂಗ್ಲಿಷ್ ಮಾತಾಡಿ ನಗಿಸುವ ಪಾತ್ರದಿಂದ ಹೊರಬರಲು ಅವರಿಗೆ ಆಗಲೇ ಇಲ್ಲ. 1955ರ ಆಗಸ್ಟ್‌ನಲ್ಲಿ, 46ನೇ ವಯಸ್ಸಿಗೆ ಬೆವರ್ಲಿ ಹಿಲ್ಸ್‌ನ ಮನೆಯಲ್ಲಿ ತೀರಿಕೊಂಡರು. ಒಂದು ಕಾಲಕ್ಕೆ ತಣ್ಣಗೆ ಕೂತಿದ್ದ ರಿಯೋ, ಅವರನ್ನು ಮಣ್ಣು ಮಾಡುವ ದಿನ ಲಕ್ಷಗಟ್ಟಲೆ ಜನರಾಗಿ ಬೀದಿಗೆ ಬಂತು.

ಟೋಪಿ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. 1944ರಲ್ಲಿ ಯುನೈಟೆಡ್ ಫ್ರೂಟ್ ಕಂಪನಿ ಜಾಹೀರಾತಿಗೆಂದು ‘ಚಿಕಿಟಾ’ ಎಂಬ ಕಾರ್ಟೂನ್ ಮಾಡಿಸಿತು. ಲಂಗ ಉಟ್ಟು, ತಲೆ ಮೇಲೆ ಹಣ್ಣಿಟ್ಟುಕೊಂಡು ಕುಣಿಯುವ ಬಾಳೆಹಣ್ಣು. ಬಾಳೆಹಣ್ಣನ್ನು ಫ್ರಿಜ್‌ನಲ್ಲಿ ಇಡಬೇಡಿ ಅಂತ ಅದು ರೇಡಿಯೋದಲ್ಲಿ ಹಾಡಿ ಹೇಳುತ್ತಿತ್ತು. 1960ರ ದಶಕದಿಂದ ಆ ಚಿತ್ರ ಹಣ್ಣಿನ ಮೇಲಿನ ನೀಲಿ ಸ್ಟಿಕ್ಕರ್ ಆಯಿತು. 1987ರಲ್ಲಿ ಬಾಳೆಹಣ್ಣನ್ನು ತೆಗೆದು ಅದರ ಜಾಗದಲ್ಲಿ ಒಬ್ಬ ಹೆಂಗಸನ್ನು ಬರೆಸಿದರು. ಅವಳ ತಲೆ ಮೇಲೂ ಹಣ್ಣೇ ಇದೆ.