ಕಲ್ಲಿನ ಹೆಸರು ಆಮೇಲೆ, ಮೊದಲು ಕೈ ಕೆಸರಾಗಲಿ

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ. ಹೊರಗೆ ಹೋದರೆ ಸಾಕು, ಜೇಬು ತುಂಬ ಕಲ್ಲು ತರುತ್ತಾಳೆ. ಇಷ್ಟು ಆಸೆ ಇರುವಾಗ ಏನಾದರೂ ಕಲಿಸೋಣ ಅಂತ ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಎಂದು ಚಿತ್ರ ತೋರಿಸಿದೆ. ಎರಡೇ ನಿಮಿಷಕ್ಕೆ ಎದ್ದು ಓಡಿದಳು. ಇಷ್ಟು ಚಿಕ್ಕವರಿಗೆ ಕಲ್ಲು, ಮಣ್ಣಿನ ಬಗ್ಗೆ ಹೇಗೆ ಕಲಿಸುವುದು? ಎಲ್ಲಿಂದ ಶುರು ಮಾಡಲಿ?

ಉತ್ತರ: ಎದ್ದು ಓಡಿದ್ದು ಒಳ್ಳೆಯದೇ ಆಯಿತು. ಆ ಮೂರು ಹೆಸರುಗಳು ಕಲ್ಲು ಹುಟ್ಟಿದ ಕಥೆ ಹೇಳುತ್ತವೆ. ಒಂದು, ಕುದಿಯುವ ಶಿಲಾರಸ ಆರಿ ಗಟ್ಟಿಯಾದದ್ದು. ಇನ್ನೊಂದು, ಕಣಗಳು ಪದರ ಪದರವಾಗಿ ಕೂತು ಕಲ್ಲಾದದ್ದು. ಮತ್ತೊಂದು, ಬಿಸಿಗೂ ಒತ್ತಡಕ್ಕೂ ಸಿಕ್ಕಿ ರೂಪ ಬದಲಿಸಿದ್ದು. ಇದರಲ್ಲಿ ಹೆಚ್ಚಿನದು ನೆಲದಾಳದಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ನಡೆಯುವ ಕೆಲಸ. ನಾಲ್ಕು ವರ್ಷದ ಮಗುವಿಗೆ ನಿನ್ನೆಯೂ ಒಂದೇ, ಹೋದ ತಿಂಗಳೂ ಒಂದೇ. ಲಕ್ಷಾಂತರ ವರ್ಷದ ಮಾತು ಅದರ ತಲೆಗೆ ಹೋಗುವುದಾದರೂ ಹೇಗೆ? ಹೆಸರುಗಳಿಗೆ ಅವಸರ ಬೇಡ. ಈ ವಯಸ್ಸಿನಲ್ಲಿ ಕಲಿಯುವುದು ಕೈ. ಕೈಗೆ ಗೊತ್ತಾದದ್ದಕ್ಕೆ ಆಮೇಲೆ ಮಾತು ತಾನಾಗಿ ಬರುತ್ತದೆ.

ಶುರು ಮಾಡುವುದಕ್ಕೆ ಆ ಜೇಬಿನ ಕಲ್ಲುಗಳೇ ಸಾಕು. ನೆಲದ ಮೇಲೆ ಒಂದು ಹಳೇ ಬಟ್ಟೆ ಹಾಸಿ, ಎಲ್ಲವನ್ನೂ ಸುರಿಯಿರಿ. "ಇವನ್ನು ಬೇರೆ ಬೇರೆ ಗುಂಪು ಮಾಡ್ತೀಯಾ?" ಎಂದು ಕೇಳಿ ಸುಮ್ನೆ ಕೂತುಬಿಡಿ. ಬಣ್ಣ ನೋಡು, ಗಾತ್ರ ನೋಡು ಎಂದು ಹೇಳಿಕೊಡಬೇಡಿ.

ಶಿಶುವಿಹಾರದ ಮಕ್ಕಳ ಜೊತೆ ನಾನು ಮೊದಲ ಸಲ ಇದನ್ನು ಮಾಡಿದಾಗ ಮೂರು ತಟ್ಟೆ ಇಟ್ಟಿದ್ದೆ: ಕಪ್ಪಿಗೊಂದು, ಬಿಳಿಗೊಂದು, ಕೆಂಪಿಗೊಂದು. ಒಬ್ಬ ಹುಡುಗ ತಟ್ಟೆಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ನೆಲದ ಮೇಲೆ ಎರಡು ಗುಂಪು ಮಾಡಿದ. ಏನಪ್ಪಾ ಇದು ಎಂದರೆ, "ಇವು ಮಲಗ್ತಾವೆ, ಇವು ಮಲಗಲ್ಲ" ಅಂದ. ನನಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತೇ ಬೇಕಾಯಿತು. ಚಪ್ಪಟೆ ಕಲ್ಲುಗಳು ಇಟ್ಟಲ್ಲೇ ಇರುತ್ತವೆ, ಗುಂಡು ಕಲ್ಲುಗಳು ಉರುಳಿ ಹೋಗುತ್ತವೆ. ಅವನು ಆಕಾರ ನೋಡಿ ವಿಂಗಡಿಸಿದ್ದ, ಅದೂ ಒಂದೊಂದನ್ನೂ ಇಟ್ಟು ಪರೀಕ್ಷೆ ಮಾಡಿ! ಅಂದಿನಿಂದ ನಾನು ತಟ್ಟೆ ಇಡುವುದನ್ನು ಬಿಟ್ಟೆ.

ಮುಂದಿನ ದಿನ ಒಂದು ಬೋಗುಣಿ ನೀರು, ಒಂದು ಹಳೇ ಹಲ್ಲುಜ್ಜುವ ಬ್ರಷ್ ಕೊಡಿ. ಕಲ್ಲು ತೊಳೆಯುವುದು ಮಕ್ಕಳಿಗೆ ಸಾಕೆನಿಸದ ಕೆಲಸ. ಬೂದು ಬಣ್ಣದ ಕಲ್ಲು ಒದ್ದೆಯಾದ ಕೂಡಲೇ ಕೆಂಪೋ ಹಸಿರೋ ಆಗಿ ಮಿನುಗುತ್ತದೆ, ಒಣಗಿದರೆ ಮತ್ತೆ ಬೂದು. ಯಾಕೆ? ಒಣ ಕಲ್ಲಿನ ಮೈ ತರಿತರಿಯಾಗಿರುತ್ತದೆ, ಬೆಳಕು ಎಲ್ಲ ಕಡೆಗೂ ಚದುರಿ ಕಲ್ಲು ಮಂಕಾಗಿ ಕಾಣುತ್ತದೆ. ನೀರು ಆ ತರಿಗಳನ್ನು ಮುಚ್ಚಿ ಮೈಯನ್ನು ನಯ ಮಾಡುತ್ತದೆ, ಒಳಗಿನ ಬಣ್ಣ ಎದ್ದು ಬರುತ್ತದೆ. ಇದು ನಿಮಗಾಗಿ ಹೇಳಿದ್ದು. ಮಗುವಿಗೆ "ಈಗ ನೋಡು, ಒಣಗಿದ ಮೇಲೆ ನೋಡು" ಎಂದರೆ ಸಾಕು. ಜೊತೆಗೊಂದು ಭೂತಗನ್ನಡಿ ಇದ್ದರೆ ಇನ್ನೂ ಚೆನ್ನ. ಥಳಥಳ ಹೊಳೆಯುವ ಚೂರು ಕಂಡರೆ ಅದು ಬಹುಶಃ ಅಭ್ರಕ. ಅದಕ್ಕೆ ಕಾಗೆಬಂಗಾರ ಅನ್ನುವ ಹೆಸರೂ ಇದೆ. ಅಭ್ರಕ ಮರೆತುಹೋದರೂ ಕಾಗೆಬಂಗಾರ ಮರೆಯುವುದಿಲ್ಲ, ನೋಡಿ ಬೇಕಾದರೆ.

ಗೀರುವ ಆಟವನ್ನೂ ಒಮ್ಮೆ ಆಡಿ. ಉಗುರಿನಿಂದ ಯಾವ ಕಲ್ಲಿಗೆ ಗೀರು ಬೀಳುತ್ತದೆ? ಯಾವ ಕಲ್ಲು ಇನ್ನೊಂದು ಕಲ್ಲನ್ನು ಗೀರುತ್ತದೆ? ಬಳಪದ ಕಲ್ಲಿಗೆ ಮಗುವಿನ ಉಗುರೂ ಸಾಕು. ಬೆಣಚುಕಲ್ಲು ಗಾಜಿನ ಮೇಲೂ ಗೀರು ಎಳೆಯುತ್ತದೆ. ಇದು ಬರೀ ಆಟವಲ್ಲ. ಜರ್ಮನಿಯ ಖನಿಜ ವಿಜ್ಞಾನಿ ಫ್ರೆಡ್ರಿಕ್ ಮೋಸ್ 1812ರಲ್ಲಿ ಖನಿಜಗಳ ಗಟ್ಟಿತನ ಅಳೆಯಲು ಅಳತೆಗೋಲು ಮಾಡಿದ್ದೂ ಹೀಗೇ, ಯಾವುದು ಯಾವುದನ್ನು ಗೀರುತ್ತದೆ ಎಂದು ನೋಡಿ. ಅದರಲ್ಲಿ ಬಳಪದ ಖನಿಜಕ್ಕೆ 1, ವಜ್ರಕ್ಕೆ 10. ನಮ್ಮ ಉಗುರು ಸುಮಾರು 2.5, ಬೆಣಚು 7.

ಇಷ್ಟೆಲ್ಲ ಆದರೂ ಮಗುವಿಗೆ ಕಲ್ಲೇ ಬೇರೆ, ಮಣ್ಣೇ ಬೇರೆ. ಎರಡಕ್ಕೂ ನಂಟಿದೆ ಎಂದು ಬಾಯಲ್ಲಿ ಹೇಳಿದರೆ ನಂಬುವುದೂ ಇಲ್ಲ. ನನ್ನನ್ನು ಕೇಳಿದರೆ, ಬೇರೆ ಯಾವುದನ್ನು ಬಿಟ್ಟರೂ ಪರವಾಗಿಲ್ಲ, ಇದೊಂದನ್ನು ಮಾತ್ರ ಮಾಡಿಸಿ: ಕಲ್ಲನ್ನು ತೇಯಿಸಿ.

ಒರಟಾದ ಗಟ್ಟಿ ಕಲ್ಲು ಒಂದು, ಮೆದು ಕಲ್ಲು ಒಂದು ಬೇಕು. ಮೆದು ಕಲ್ಲು ಎಂದರೆ ಕೈಯಲ್ಲಿ ಉಜ್ಜಿದರೆ ಪುಡಿ ಉದುರುವಂಥದ್ದು, ಮರಳುಗಲ್ಲೋ ಬಳಪದ ಕಲ್ಲೋ ಆಗಬಹುದು. ಗಟ್ಟಿ ಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ, ಮೆದು ಕಲ್ಲಿನಿಂದ ತೇಯಲಿ. ನೀರು ಬೇಕೇ ಬೇಕು, ಒಣ ಪುಡಿ ಉಸಿರಿನ ಜೊತೆ ಒಳಗೆ ಹೋಗಬಾರದು. ಮೊದಲು ಏನೂ ಆಗುವುದಿಲ್ಲ, ಬರೀ ಕಿರಕಿರ ಸದ್ದು. ಆಮೇಲೆ ನೀರು ಸ್ವಲ್ಪ ಮಬ್ಬಾಗುತ್ತದೆ. ಎರಡು ಮೂರು ನಿಮಿಷಕ್ಕೆ ಬಣ್ಣದ ನುಣ್ಣನೆಯ ರಾಡಿ ಏಳುತ್ತದೆ. ಅದನ್ನು ಬೆರಳಲ್ಲಿ ಎತ್ತಿ ಬಿಳಿ ಕಾಗದಕ್ಕೆ ಬಳಿಯಲಿ. ಮಾರನೇ ದಿನ ಕಾಗದದ ಮೇಲೆ ಒಣ ಪುಡಿ ಕೂತಿರುತ್ತದೆ.

"ಈ ಪುಡಿ ಎಲ್ಲಿಂದ ಬಂತು?"

"ಕಲ್ಲಿಂದ."

"ಹಾಗಾದ್ರೆ ಕಲ್ಲು ಸಣ್ಣ ಆಯ್ತಾ?"

ಇಲ್ಲಿ ಮಗು ಒಂದು ಗಳಿಗೆ ನಿಲ್ಲುತ್ತದೆ. ಕಲ್ಲನ್ನು ತಿರುಗಿಸಿ ತೇದ ಜಾಗ ನೋಡುತ್ತದೆ. ಆಗ ಹೇಳಿ, ಹೊಳೆಯ ನೀರು ಕಲ್ಲನ್ನು ಕಲ್ಲಿಗೆ ಉಜ್ಜುತ್ತದೆ, ಗಾಳಿ ಮರಳು ಎರಚುತ್ತದೆ, ಬೇರು ಬಿರುಕಿನಲ್ಲಿ ತೂರಿ ಅಗಲ ಮಾಡುತ್ತದೆ ಎಂದು. ಬಿರುಕಿನಲ್ಲಿ ನಿಂತ ನೀರು ಹೆಪ್ಪುಗಟ್ಟಿದರೆ ಸುಮಾರು 9% ಹಿಗ್ಗಿ ಕಲ್ಲನ್ನೇ ಸೀಳುತ್ತದೆ. ನಾವು ಮೂರು ನಿಮಿಷದಲ್ಲಿ ತೇದದ್ದನ್ನು ಮಳೆ, ಗಾಳಿ, ಬೇರುಗಳು ನಿಧಾನವಾಗಿ ಮಾಡುತ್ತವೆ. ಒಂದು ಸೆಂಟಿಮೀಟರ್ ದಪ್ಪ ಮಣ್ಣಾಗುವುದಕ್ಕೆ ನೂರಾರು ವರ್ಷ ಹಿಡಿಯಬಹುದು.

ಹಾಗಂತ ಕಲ್ಲಿನ ಪುಡಿಯೇ ಮಣ್ಣಲ್ಲ. ಒಳ್ಳೆಯ ಮೇಲ್ಮಣ್ಣಿನಲ್ಲಿ ಕಲ್ಲಿನಿಂದ ಬಂದ ಕಣಗಳು ಸುಮಾರು 45%. ಉಳಿದದ್ದರಲ್ಲಿ ಹೆಚ್ಚುಕಡಿಮೆ 25% ನೀರು, 25% ಗಾಳಿ, ಸುಮಾರು 5% ಕೊಳೆತ ಎಲೆ, ಬೇರು, ಹುಳುಹುಪ್ಪಟೆ. ಅರ್ಧದಷ್ಟು ಮಣ್ಣೇ ಅಲ್ಲ! ಮಗುವಿಗೆ ಲೆಕ್ಕ ಬೇಡ, ಒಣಗಿದ ಮಣ್ಣಿನ ಹೆಂಟೆಯೊಂದನ್ನು ಗಾಜಿನ ಲೋಟದ ನೀರಿಗೆ ಮೆಲ್ಲಗೆ ಬಿಡಲು ಹೇಳಿ. ಬುಳುಬುಳು ಗುಳ್ಳೆ ಏಳುತ್ತವೆ. ಹೆಂಟೆಯೊಳಗೆ ಕೂತಿದ್ದ ಗಾಳಿಯನ್ನು ನೀರು ಹೊರಗೆ ದಬ್ಬುತ್ತಿರುತ್ತದೆ. ಎರೆಹುಳು ಮಣ್ಣಿನೊಳಗೆ ಹೇಗೆ ಉಸಿರಾಡುತ್ತೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ನನಗೆ ಗೊತ್ತಿಲ್ಲ. ಜೋರು ಮಳೆಗೆ ಎರೆಹುಳು ಮೇಲೆ ಬಂದದ್ದು ಕಂಡರೆ ಅಂಗೈ ಒದ್ದೆ ಮಾಡಿಕೊಂಡು ಒಂದನ್ನು ಎತ್ತಿಕೊಳ್ಳಲಿ. ಅದು ಚರ್ಮದಿಂದಲೇ ಉಸಿರಾಡುತ್ತದೆ, ಮೈ ಒಣಗಬಾರದು. ನೋಡಿದ ಮೇಲೆ ವಾಪಸ್ ಮಣ್ಣಿಗೆ.

ಇನ್ನೊಂದು, ಬಾಟಲಿಯ ಪ್ರಯೋಗ. ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು. ಸೋಪು ಅಂಟಿಕೊಂಡ ಕಣಗಳನ್ನು ಬಿಡಿಸುತ್ತದೆ. ಮುಚ್ಚಳ ಬಿಗಿ ಮಾಡಿ ಚೆನ್ನಾಗಿ ಕುಲುಕಿ ಒಂದು ಕಡೆ ಇಡಿ. ಒಂದು ನಿಮಿಷದೊಳಗೆ ಮರಳು ತಳ ಹಿಡಿಯುತ್ತದೆ. ಕೆಲವು ಗಂಟೆಗಳಲ್ಲಿ ಅದರ ಮೇಲೆ ರೇವೆ, ಅಂದರೆ ಮರಳಿಗಿಂತ ನುಣ್ಣನೆಯ ಮಣ್ಣು, ಕೂರುತ್ತದೆ. ಜೇಡಿಮಣ್ಣು ಮಾತ್ರ ಒಂದೆರಡು ದಿನ ನೀರಲ್ಲೇ ತೇಲಾಡುತ್ತಿರುತ್ತದೆ. ಅದರ ಕಣ 0.002 ಮಿಲಿಮೀಟರಿಗಿಂತಲೂ ಚಿಕ್ಕದು. ಸಾಲಾಗಿ 500 ಕಣ ಜೋಡಿಸಿದರೂ ಒಂದು ಮಿಲಿಮೀಟರ್ ತುಂಬುವುದಿಲ್ಲ. ಎಲೆ, ಕಡ್ಡಿ ಮೇಲೆ ತೇಲುತ್ತವೆ.

ನಾನು ಮೊದಲ ಸಲ ಇದನ್ನು ಮಾಡಿ, ಪದರಗಳು ಚೆನ್ನಾಗಿ ಕೂರಲಿ ಎಂದು ರಾತ್ರಿಯಿಡೀ ಬಿಟ್ಟಿದ್ದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಒಬ್ಬಳು ಬಾಟಲಿ ಕಂಡಳು, ಎತ್ತಿದಳು, ಕುಲುಕಿದಳು. ಉಳಿದವರಿಗೆ ಕಂಡದ್ದು ಕೆಂಪು ನೀರು! ತಪ್ಪು ಅವಳದ್ದಲ್ಲ, ಬಾಟಲಿ ಇರುವುದೇ ಕುಲುಕುವುದಕ್ಕೆ ಎಂದು ಹಿಂದಿನ ದಿನ ಕಲಿಸಿದವಳು ನಾನೇ ಅಲ್ವಾ? ಈಗ ಎರಡು ಬಾಟಲಿ ಮಾಡುತ್ತೇನೆ. ಕುಲುಕುವುದಕ್ಕೆ ಒಂದು, ಎತ್ತರದ ಶೆಲ್ಫಿನ ಮೇಲೆ ಒಂದು.

"ಕಲ್ಲು ಬೆಳೆಯುತ್ತಾ?" ಎಂದು ನಿಮ್ಮ ಮಗಳು ಇವತ್ತಲ್ಲ ನಾಳೆ ಕೇಳಿಯೇ ಕೇಳುತ್ತಾಳೆ. ಇಲ್ಲ ಎಂದು ಹೇಳಿಬಿಡಬೇಡಿ. ಒಂದೇ ಕುಂಡದಲ್ಲಿ ಒಂದು ಕಡೆ ಕಾಳು, ಇನ್ನೊಂದು ಕಡೆ ಅವಳು ಆರಿಸಿದ ಕಲ್ಲು ಹೂತು, ಎರಡಕ್ಕೂ ದಿನಾ ನೀರು ಹಾಕಲಿ. ಹತ್ತು ದಿನದಲ್ಲಿ ಉತ್ತರ ಸಿಗುತ್ತದೆ. ಕಲ್ಲನ್ನು ಅಗೆದು ನೋಡುವ ಹಕ್ಕು ಅವಳಿಗಿದೆ. ಕಾಳನ್ನೂ ಅಗೆಯುತ್ತಾಳೆ, ಅದಕ್ಕೇ ಎರಡು ಮೂರು ಕಾಳು ಜಾಸ್ತಿ ಹಾಕಿ.

ಎಚ್ಚರಿಕೆಯ ಮಾತು ಕೆಲವು. ಮೂರು ವರ್ಷದೊಳಗಿನ ಮಕ್ಕಳು ಹತ್ತಿರ ಇದ್ದರೆ ಚಿಕ್ಕ ಕಲ್ಲು ಬೇಡವೇ ಬೇಡ. ಟಿಶ್ಯೂ ರೋಲಿನ ಒಳಗಿನ ರಟ್ಟಿನ ಕೊಳವೆಯಲ್ಲಿ ತೂರುವ ಕಲ್ಲು ಗಂಟಲಿಗೆ ಸಿಕ್ಕಿಕೊಳ್ಳಬಹುದು. ಸುತ್ತಿಗೆಯಿಂದ ಕಲ್ಲು ಒಡೆಯುವ ಆಟ ಈ ವಯಸ್ಸಿಗಲ್ಲ, ಚೂರು ಕಣ್ಣಿಗೆ ಹಾರುತ್ತದೆ. ನಾಯಿ, ಬೆಕ್ಕು ಗಲೀಜು ಮಾಡುವ ಜಾಗದ ಮಣ್ಣು ಬೇಡ. ಬಣ್ಣ ಉದುರುತ್ತಿರುವ ಹಳೇ ಗೋಡೆಯ ಬುಡದ ಮಣ್ಣೂ ಬೇಡ, ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಮಕ್ಕಳು ಕೈ ಹಾಕುವ ಮೊದಲು ನೀವೊಮ್ಮೆ ಕೆದಕಿ ಗಾಜು, ಮೊಳೆ ಇದೆಯಾ ನೋಡಿ. ಆಟ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ, ಉಗುರಿನ ಸಂದಿಯನ್ನೂ. ಒಂದೆರಡು ಸಲ ಮಣ್ಣು ಬಾಯಿಗೆ ಹೋದರೆ ಗಾಬರಿ ಬೇಡ. ದಿನಾ ಹುಡುಕಿಕೊಂಡು ಹೋಗಿ ತಿನ್ನುತ್ತಿದ್ದರೆ ವೈದ್ಯರಿಗೆ ತೋರಿಸಿ, ಕಬ್ಬಿಣದ ಕೊರತೆ ಇದ್ದರೂ ಮಕ್ಕಳು ಹಾಗೆ ಮಾಡುವುದುಂಟು.

ಇನ್ನು ಮಾತುಗಳು. ಒರಟು, ನಯ, ಭಾರ, ಹಗುರ, ತರಿತರಿ, ಜಿಗುಟು, ಪುಡಿಪುಡಿ: ಇವೇ ಮೊದಲ ಪಾಠದ ಪದಗಳು, ಕೈ ಕಲ್ಲಿನ ಮೇಲೆ ಇರುವಾಗಲೇ ಹೇಳಿ. ಮರಳು, ಜೇಡಿಮಣ್ಣು, ಬೆಣಚುಕಲ್ಲು ಆಮೇಲೆ. ಅಗ್ನಿಶಿಲೆಯ ಚಿತ್ರಗಳನ್ನು ಎಸೆಯಬೇಡಿ, ನಾಲ್ಕೈದು ವರ್ಷ ಬಿಟ್ಟು ಬೇಕಾಗುತ್ತವೆ.

ಮನೆಯೊಳಗೆ ಕಲ್ಲಿನ ರಾಶಿ ಬೆಳೆಯುತ್ತಿದ್ದರೆ ಒಂದು ಡಬ್ಬಿ ಗೊತ್ತು ಮಾಡಿ. ಡಬ್ಬಿ ತುಂಬಿದ ಮೇಲೆ ಹೊಸ ಕಲ್ಲು ಬೇಕಾದರೆ ಹಳೆಯದೊಂದು ಹೊರಗೆ ಹೋಗಬೇಕು. ಯಾವುದು ಹೋಗಬೇಕು, ಯಾಕೆ ಎಂದು ಅವಳೇ ಹೇಳಲಿ. ಬಟ್ಟೆ ಒಗೆಯುವ ಮೆಶಿನ್‌ಗೆ ಹಾಕುವ ಮುಂಚೆ ಮಾತ್ರ ಜೇಬು ನೀವೇ ನೋಡಿ.