ರೊಟ್ಟಿ ಬಡಿಯೋ ಹೊತ್ತಿಗೇ ಮಂಜಾಗುವ ಕಣ್ಣು

"ರೊಟ್ಟಿ ಬಡಿಯೋ ಹೊತ್ತಿಗೇ ನಿನ್ನ ಕಣ್ಣು ಮಂಜಾಗ್ತಾವೇನು?" ಸಿಂಧನೂರಿನ ನಮ್ಮ ಸಂಬಂಧಿಕರ ಮನೆಯಲ್ಲಿ ಅತ್ತೆ ಸೊಸೆಗೆ ಕೇಳಿದ ಮಾತಿದು. ಏಪ್ರಿಲ್ ತಿಂಗಳು, ತಗಡಿನ ಅಡುಗೆಮನೆ, ಧಗಧಗ ಉರಿಯುವ ಒಲೆ. ನಾಲ್ಕನೇ ರೊಟ್ಟಿ ಹಂಚಿಗೆ ಬೀಳುವಷ್ಟರಲ್ಲಿ ಸೊಸೆಯ ಬಲಗಣ್ಣಿಗೆ ಮಬ್ಬು ಕವಿಯುತ್ತಿತ್ತು. ಎದ್ದು ಬಂದು ಬೇವಿನ ಮರದ ಕೆಳಗೆ ಅರ್ಧ ಗಂಟೆ ಕೂತರೆ ಎಲ್ಲ ಸರಿ. ಅತ್ತೆಯ ಪ್ರಕಾರ ಇದು ನಾಟಕ. ಓಣಿಯವರ ಪ್ರಕಾರ ಗಾಳಿ ಸೋಕಿದ್ದು. ತಾಯತ ಬಂತು, ನಿಂಬೆಹಣ್ಣು ಬಂತು. ಕಾಟ ಕೊಡುತ್ತಿದ್ದದ್ದು ಮಾತ್ರ ಒಲೆ.

ಅವಳಿಗಿದ್ದದ್ದು ಮಲ್ಟಿಪಲ್ ಸ್ಕ್ಲೆರೋಸಿಸ್. ದೇಹದ ಕಾವಲುಪಡೆಯೇ ದಾರಿ ತಪ್ಪಿ ಮೆದುಳು, ಬೆನ್ನುಹುರಿ, ಕಣ್ಣಿನ ನರಗಳ ಮೇಲಿರುವ ಕೊಬ್ಬಿನ ಹೊದಿಕೆಯನ್ನು ಕಿತ್ತುಹಾಕುವ ರೋಗ. ಆ ಹೊದಿಕೆಗೆ ಮಯಲಿನ್ ಅಂತ ಹೆಸರು. ಹೆಚ್ಚಾಗಿ 20ರಿಂದ 40ರ ವಯಸ್ಸಿನವರಿಗೆ ಬರುತ್ತದೆ, ಅದರಲ್ಲೂ ಹೆಂಗಸರಿಗೆ ಜಾಸ್ತಿ.

ಮಯಲಿನ್ ಅಂದರೆ ಕರೆಂಟ್ ವೈರಿನ ಪ್ಲಾಸ್ಟಿಕ್ ಇದ್ದಂಗೆ ಅಂತ ಎಲ್ಲರೂ ಬರೆಯುತ್ತಾರೆ. ನನಗೆ ಆ ಹೋಲಿಕೆ ಅಷ್ಟು ಒಗ್ಗಲ್ಲ. ಅತ್ತೆಗೆ ಉತ್ತರ ಕೊಡಲು ಅದು ಸಾಲುವುದೂ ಇಲ್ಲ. ವೈರ್ ಸುಲಿದಿದ್ದರೆ ಸುಲಿದೇ ಇರುತ್ತದೆ, ಬೇವಿನ ನೆರಳಿಗೆ ತಂದರೆ ಸರಿಹೋಗುತ್ತದಾ?

ನಮ್ಮ ಎಡದಂಡೆ ಕಾಲುವೆಯನ್ನೇ ನೋಡಿ. ತುಂಗಭದ್ರಾ ಅಣೆಕಟ್ಟೆಯಿಂದ ಹೊರಟ ನೀರು 200 ಕಿ.ಮೀ.ಗೂ ಹೆಚ್ಚು ಹರಿಯಬೇಕು. ಮಧ್ಯೆ ಲೈನಿಂಗ್ ಕಿತ್ತಿದ್ದರೆ ನೀರು ನೆಲಕ್ಕೆ ಇಂಗುತ್ತದೆ, ಕೊನೆಭಾಗದ ರೈತ ಆಕಾಶ ನೋಡುತ್ತಾನೆ. ನರಕ್ಕೆ ಮಯಲಿನ್ನೇ ಈ ಲೈನಿಂಗ್. ಆದರೆ ಅದು ಉದ್ದಕ್ಕೂ ಇಲ್ಲ. ಮಿಲಿಮೀಟರ್ ಲೆಕ್ಕದ ಅಂತರಕ್ಕೊಂದು ಸಣ್ಣ ಸಂದು ಬಿಟ್ಟಿರುತ್ತದೆ. 1870ರ ದಶಕದಲ್ಲಿ ಇದನ್ನು ಕಂಡವನು ಫ್ರಾನ್ಸಿನ ರಾನ್ವಿಯೇ. ಈ ಸಂದುಗಳಲ್ಲಿ ಗೇಟುಗಳಿವೆ. (2024ರ ಆಗಸ್ಟಿನಲ್ಲಿ ಇದೇ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದದ್ದನ್ನು ಕಂಡ ನಮಗೆ ಗೇಟಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ.) ಗೇಟು ತೆರೆದರೆ ಸೋಡಿಯಂ ಒಳಗೆ ನುಗ್ಗುತ್ತದೆ, ವಿದ್ಯುತ್ ಅಲೆ ಏಳುತ್ತದೆ. ಅದು ಮುಂದಿನ ಸಂದಿನಲ್ಲಿ ಒಂದು ಮಟ್ಟ ಮುಟ್ಟಿದರೆ ಅಲ್ಲಿನ ಗೇಟು ತೆರೆಯುತ್ತದೆ. ಹೀಗೆ ಸಂದೇಶ ಸಂದಿನಿಂದ ಸಂದಿಗೆ ಜಿಗಿಯುತ್ತದೆ. ಆರ್ಡಿನರಿ ಬಸ್ಸು ಕೈ ತೋರಿಸಿದಲ್ಲೆಲ್ಲ ನಿಲ್ಲುತ್ತದೆ, ಎಕ್ಸ್‌ಪ್ರೆಸ್ ನಿಲ್ಲಲ್ಲ, ಅಲ್ವಾ? ಹೊದಿಕೆ ಇಲ್ಲದ ಸಣ್ಣ ನರದಲ್ಲಿ ಸಂದೇಶದ ವೇಗ ಸೆಕೆಂಡಿಗೆ 1 ಮೀಟರಿನಷ್ಟು. ಹೊದಿಕೆಯಿರುವ ದಪ್ಪ ನರದಲ್ಲಿ 100 ಮೀಟರಿನ ಆಸುಪಾಸು.

ಹೊದಿಕೆ ನೆಟ್ಟಗಿರುವ ನರದಲ್ಲಿ ಮುಂದಿನ ಗೇಟಿಗೆ ಬೇಕಾದ್ದಕ್ಕಿಂತ ಸುಮಾರು ಐದು ಪಟ್ಟು ಕರೆಂಟ್ ಬಂದಿರುತ್ತದೆ. ಲೈನಿಂಗ್ ಕಿತ್ತ ನರದಲ್ಲಿ ಸೋರಿ ಸೋರಿ, ಸಾಕೋ ಸಾಲದೋ ಅನ್ನುವಷ್ಟು ಮುಟ್ಟುತ್ತದೆ. ಈಗ ಮೈ ಬಿಸಿಯಾಗಲಿ. ಬಿಸಿಗೆ ಆ ಗೇಟುಗಳು ಬೇಗ ತೆರೆದು ಇನ್ನೂ ಬೇಗ ಮುಚ್ಚಿಕೊಳ್ಳುತ್ತವೆ. ಒಳಗೆ ಹೋಗುವ ಸೋಡಿಯಂ ಕಡಿಮೆಯಾಗುತ್ತದೆ. ಅಲ್ಲಿಗೆ ಮಟ್ಟ ಮುಟ್ಟಲ್ಲ, ಗೇಟು ತೆರೆಯಲ್ಲ, ಸಂದೇಶ ನಿಂತಿತು. ಸಂಜೆ ಲೋ ವೋಲ್ಟೇಜಿನಲ್ಲಿ ಪಂಪ್‌ಸೆಟ್ ಹೂಂ ಅನ್ನುತ್ತದೆ, ನೀರು ಎತ್ತಲ್ಲ. ಹಂಗೇ ಇದು. ಇದಕ್ಕೆ ಮೈಕಾವು ಅರ್ಧ ಡಿಗ್ರಿ ಏರಿದರೂ ಸಾಕು. ಮೈ ತಣ್ಣಗಾದರೆ ಕಣ್ಣು ಮೊದಲಿನಂತೆ. ಬಿಸಿಯಿಂದ ನರಕ್ಕೆ ಹೊಸ ಗಾಯ ಆಗಿರುವುದಿಲ್ಲ.

ದೇಹ ಬಿಸಿಯಾದಾಗ ಬಂದು ಹೋಗುವ ಈ ಮಬ್ಬಿಗೆ ಊಟಾಫ್ ಲಕ್ಷಣ ಅನ್ನುತ್ತಾರೆ. ಜರ್ಮನಿಯ ಕಣ್ಣಿನ ವೈದ್ಯ ಊಟಾಫ್ 1890ರಲ್ಲಿ ಬರೆದಿಟ್ಟದ್ದು. ಮೈಮುರಿದು ದುಡಿದದ್ದೇ ಕಾರಣ ಅಂದುಕೊಂಡಿದ್ದನಂತೆ, ಬಿಸಿಯ ಮೇಲೆ ಅನುಮಾನ ಬಂದದ್ದು ಆಮೇಲೆ. ಎಂಆರ್‌ಐ ಬರುವ ಮೊದಲು ಡಾಕ್ಟರುಗಳು ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಈ ರೋಗ ಪತ್ತೆ ಮಾಡುತ್ತಿದ್ದರು. ರಾಯಚೂರಿನವರಿಗೆ ತೊಟ್ಟಿ ಯಾಕೆ, ಮೇ ತಿಂಗಳೇ ಸಾಕಿತ್ತು!

ಮೆದುಳಿನಲ್ಲಿ ಗಟ್ಟಿಯಾದ ಕಲೆಗಳನ್ನು ನೋಡಿ ಇದೊಂದು ಬೇರೆಯೇ ರೋಗ ಅಂತ 1868ರಲ್ಲಿ ಹೇಳಿದವನು ಪ್ಯಾರಿಸಿನ ಶಾರ್ಕೊ. ತಮಾಷೆ ಅಂದ್ರೆ ಹಿಸ್ಟೀರಿಯಾದ ಅಧ್ಯಯನಕ್ಕೆ ಹೆಸರಾದವನೂ ಅವನೇ. ಆದರೂ ಎಷ್ಟೋ ಹೆಣ್ಣುಮಕ್ಕಳಿಗೆ ಮೊದಲು ಸಿಗುವುದು ಹಿಸ್ಟೀರಿಯಾ ಎಂಬ ಹಣೆಪಟ್ಟಿಯೇ. ನಮ್ಮ ಹುಡುಗಿಗೂ ಮೊದಲು ನೋಡಿದ ಡಾಕ್ಟರು "ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ" ಅಂದು ಕಳಿಸಿದ್ದರು.

ಎಂಆರ್‌ಐ ಫಿಲ್ಮನ್ನು ಅತ್ತೆ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಲ್ಲಲ್ಲಿ ಅಕ್ಕಿಕಾಳಿನಂಥ ಬಿಳಿ ಚುಕ್ಕಿ. "ಇವು ಮಾಯ್ತಾವೇನು?" ಅಂದರು. ಸ್ವಲ್ಪ ಮಾಯುತ್ತವೆ. ದೇಹ ಹೊಸ ಮಯಲಿನ್ ಸುತ್ತುತ್ತದೆ, ಆದರೆ ತೆಳುವಾಗಿ. ಚಳಿಗಾಲಕ್ಕೆ ಅದು ಸಾಕು, ಸಿಂಧನೂರಿನ ಏಪ್ರಿಲ್ಲಿಗೆ ಸಾಲಲ್ಲ. ಹೊಸ ದಾಳಿ ಆಗದಂತೆ ತಡೆಯಲು ಔಷಧಗಳಿವೆ, ಅವಳು ತಗೊಳ್ಳುತ್ತಿದ್ದಾಳೆ.

ಹೋದ ಬೇಸಿಗೆಯಲ್ಲಿ ಅವರ ಮನೆಗೆ ಹೋದಾಗ ಒಲೆ ಮುಂದೆ ಅತ್ತೆ ಕೂತಿದ್ದರು. ಸೊಸೆ ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಂಡು ಪಡಸಾಲೆಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದಳು. ನಾನು ನೋಡುತ್ತಿದ್ದದ್ದು ಕಂಡು ಅತ್ತೆ ಒಳಗಿಂದಲೇ ಕೂಗಿ ಹೇಳಿದರು: "ಮಳಿ ಬೀಳಲಿ, ಆಮ್ಯಾಲೆ ಅಕೀನ ಬಡಿತಾಳ."