2,14,74,83,647 ಅವಿಭಾಜ್ಯ ಹೇಗೆ? ಅದನ್ನು ತೋರಿಸುವಾಗ ಬರುವ ಆ 62 ಎಲ್ಲಿಂದ ಬಂತು?

ಸಂಖ್ಯೆ 2³¹ − 1. ಪ್ರೋಗ್ರಾಂ ಬರೆಯುವವರಿಗೆ ಇದು 32 ಬಿಟ್‌ನ ಚಿಹ್ನೆಸಹಿತ ಪೂರ್ಣಾಂಕದ ಗರಿಷ್ಠ ಬೆಲೆಯಾಗಿ ಪರಿಚಿತ. ಇದು ಅವಿಭಾಜ್ಯವೆಂದು ಗಣಿತಜ್ಞ ಆಯ್ಲರ್ 1772ರಲ್ಲಿ ತೋರಿಸಿದರು, ಅದೂ ಯಂತ್ರದ ನೆರವಿಲ್ಲದೆ.

ಭಾಜಕಗಳನ್ನು ವರ್ಗಮೂಲದವರೆಗೆ ಹುಡುಕಿದರೆ ಸಾಕು, ಅದು ಸುಮಾರು 46,340. ಅಷ್ಟರೊಳಗಿನ ಅವಿಭಾಜ್ಯಗಳು ಹತ್ತಿರ ಹತ್ತಿರ 4,800. ಎಲ್ಲವನ್ನೂ ಭಾಗಿಸಿ ನೋಡಬೇಕಿಲ್ಲ. ಪ ಎಂಬ ಅವಿಭಾಜ್ಯ ಇದನ್ನು ಭಾಗಿಸುವುದಾದರೆ, ಪ = 62ಕ + 1 ರೂಪದಲ್ಲೇ ಇರಬೇಕು (ಕ ಒಂದು ಪೂರ್ಣಾಂಕ).

ನಾನು ಎರಡು ದಿನ ಸಿಕ್ಕಿಕೊಂಡದ್ದು ಇಲ್ಲಿಯೇ. 31 ಭಾಗಿಸಬೇಕಾದದ್ದು ಪ − 1 ಅನ್ನು. ನಾನು ಅದನ್ನು ತಿರುಗುಮುರುಗಾಗಿ ಓದುತ್ತಿದ್ದೆ. ಬಿಡಿಸಿದ್ದು ಚಿಕ್ಕ ಉದಾಹರಣೆ: 2¹¹ − 1 = 2047 = 23 × 89. ಎರಡರ ಘಾತಗಳನ್ನು 23ರಿಂದ ಭಾಗಿಸುತ್ತಾ ಶೇಷ ಬರೆಯಿರಿ: 1, 2, 4, 8, 16, 9, 18, 13, 3, 6, 12, ಮತ್ತೆ 1. ಹನ್ನೊಂದು ಹೆಜ್ಜೆಗೆ ಒಂದು ಸುತ್ತು. ಫರ್ಮಾ ಅವರ ಕಿರು ಪ್ರಮೇಯದಂತೆ (ಪ ಬೆಸ ಅವಿಭಾಜ್ಯವಾದರೆ 2ರ ಪ − 1 ನೇ ಘಾತವನ್ನು ಪ ಇಂದ ಭಾಗಿಸಿದಾಗ ಶೇಷ 1) 22ನೇ ಹೆಜ್ಜೆಯಲ್ಲೂ ಶೇಷ 1 ಬರಬೇಕು. ಶೇಷ 1 ಬರುವುದು ಸುತ್ತು ಮುಗಿದಾಗ ಮಾತ್ರ. ಹಾಗಾಗಿ 22ರಲ್ಲಿ ಪೂರ್ತಿ ಸುತ್ತುಗಳೇ ಇರಬೇಕು, ಅರ್ಧಂಬರ್ಧ ಸುತ್ತು ಇರುವಂತಿಲ್ಲ. 89ಕ್ಕೂ ಇದೇ ಕಥೆ: 88 = 11 × 8.

ಈಗ 31ಕ್ಕೆ ಬನ್ನಿ. ಪ ಭಾಗಿಸುವುದಾದರೆ 31ನೇ ಹೆಜ್ಜೆಗೆ ಶೇಷ 1. ಸುತ್ತು ಅದಕ್ಕಿಂತ ಚಿಕ್ಕದಿರಬಾರದೇಕೆ? ಸುತ್ತಿನ ಉದ್ದ 31 ಅನ್ನು ಭಾಗಿಸಬೇಕು. 31 ತಾನೇ ಅವಿಭಾಜ್ಯ. ಆದ್ದರಿಂದ ಉದ್ದ 1 ಅಥವಾ 31. ಉದ್ದ 1 ಎಂದರೆ 2ಕ್ಕೇ ಶೇಷ 1, ಅದು ಅಸಾಧ್ಯ. ಉಳಿದದ್ದು 31. ಪ − 1 ನೇ ಹೆಜ್ಜೆಯಲ್ಲೂ ಶೇಷ 1 ಇರುವುದರಿಂದ ಪ − 1 ರಲ್ಲಿ 31ರ ಪೂರ್ತಿ ಸುತ್ತುಗಳಿವೆ. ಪ ಬೆಸ, ಪ − 1 ಸಮ, ಹೀಗೆ 62.

ಎರಡನೇ ಜರಡಿ: 2³² ಅಂದರೆ 2¹⁶ರ ವರ್ಗ, ಅದರ ಶೇಷ 2. ಪ ಇಂದ ಭಾಗಿಸಿದ ಶೇಷಗಳ ಲೆಕ್ಕದಲ್ಲಿ 2 ಒಂದು ವರ್ಗವಾಯಿತು. ಹಾಗಾಗುವುದು ಪ ಅನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬಂದರೆ ಮಾತ್ರ. ಎರಡೂ ಸೇರಿಸಿದರೆ 248ಕ + 1, 248ಕ + 63. 46,340ರೊಳಗೆ ಇಂಥವು 373, ಅವುಗಳಲ್ಲೂ ಅವಿಭಾಜ್ಯವಾದವನ್ನು ಮಾತ್ರ ನೋಡಿದರೆ ಸಾಕು.

63, 249 ಎರಡೂ 3ಕ್ಕೆ ಹೋಗುತ್ತವೆ. ಮೊದಲು ಸಿಗುವ ಅವಿಭಾಜ್ಯ 311. ಇಲ್ಲಿ ನನಗೆ ತುಂಬಾ ಇಷ್ಟವಾದ ಉಪಾಯ, ಶೇಷ ದೊಡ್ಡದಾದರೆ ಋಣವಾಗಿ ಬರೆದುಕೊಳ್ಳುವುದು. 2⁸ = 256, ಅಂದರೆ −55. ವರ್ಗ 3025, ಅದರಿಂದ 3110 ಕಳೆದರೆ 2¹⁶ಕ್ಕೆ −85. ಇವೆರಡರ ಗುಣಲಬ್ಧ 4675. 4665 ಕಳೆದರೆ 2²⁴ಕ್ಕೆ ಬರೀ 10. ಇನ್ನು ಏಳು ಘಾತ: 10 × 128 = 1280, 1244 ಕಳೆದರೆ 36. ಬೇಕಿದ್ದದ್ದು 1. ಹಾಗಾಗಿ 311 ಭಾಗಿಸುವುದಿಲ್ಲ.

ಮುಂದಿನದು 1303. ಅದನ್ನು ನೀವೇ ಹಾಳೆಯ ಮೇಲೆ ಮಾಡಿ ನೋಡಿ.